ಮಾತ್ರೆಯ ಮೇಲೊಂದು ಲೋಟ ಕಾಫಿ

ಊಟವಾದ ಮೇಲೆ ಕೋದಂಡಪ್ಪ ನಿದ್ದೆ ಮಾತ್ರೆಯನ್ನು ನಾಲಿಗೆ ಮೇಲಿಟ್ಟು ಕೈ ಚಾಚಿದರೆ, ಹೆಂಡತಿ ಆದಿಲಕ್ಷ್ಮಿ ಬಿಸಿ ಕಾಫಿ ಲೋಟ ಕೊಡುತ್ತಿದ್ದಳು. ಕಹಿ ಮಾತ್ರೆಯನ್ನು ಕಾಫಿಯಲ್ಲೇ ನುಂಗುವುದು ಅವಳ ತವರಾದ ಕಾಮಸಮುದ್ರದ ಮನೆಯ ರೂಢಿ. ಗಂಡ ಹೆಂಡತಿ ಇದ್ದ ಊರಿಗಾಂನ ಕಾರ್ಮಿಕರ ಲೈನ್ ಮನೆಯಲ್ಲೂ ಅದೇ ನಡೆದುಬಂದಿತ್ತು. ನಿದ್ದೆ ಮಾತ್ರ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಗಾದರೆ ಕಣ್ಣು ಎಳೆಯುತ್ತಿತ್ತು. ಅದಕ್ಕೆ ಮತ್ತೆ ಕಾಫಿ.

ಕೋದಂಡಪ್ಪ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಒಂದು ಸೋಮವಾರ ಮೇಲೆ ಕೂತಲ್ಲೇ ತೂಕಡಿಸಿದ. ತೂಗುತ್ತಿದ್ದ ಕಬ್ಬಿಣ, ಕೆಳಗಿದ್ದ ಮುನಿರಾಜುವಿನ ಹೆಲ್ಮೆಟ್ ಕೆಡವಿಕೊಂಡು ಹೋಯಿತು. "ಓಗ್ಲಿ ಬಿಡಣ್ಣ, ಎಲ್ಮೆಟ್ ತಾನೆ," ಎಂದ ಮುನಿರಾಜು. ಬಿದ್ದ ಹೆಲ್ಮೆಟ್ ಎತ್ತಿಕೊಳ್ಳಲು ಮಾತ್ರ ಅವನು ಕ್ರೇನಿನ ಕೆಳಗೆ ಬರಲಿಲ್ಲ. ಕೋದಂಡಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಗಂಡ ಹೆಂಡತಿ ಬಂಗಾರಪೇಟೆಯ ಡಾಕ್ಟರ ಬಳಿ ಹೋದರು.

"ಇನ್ನೂ ಜೋರಾಗಿರೋದು ಕೊಡಿ ಮೇಡಂ. ಈ ಮಾತ್ರೆ ಕೆಲ್ಸ ಮಾಡ್ತಿಲ್ಲ," ಎಂದ ಕೋದಂಡಪ್ಪ.

"ಯಾವುದರಲ್ಲಿ ನುಂಗ್ತೀರಿ?"

"ಕಾಪೀಲಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಚಿವುಟೋದೂ ನೀವೇ, ತೊಟ್ಟಿಲು ತೂಗೋದೂ ನೀವೇ ಆಯ್ತಲ್ಲ! ಮಾತ್ರೆ ಮಲಗು ಅನ್ನುತ್ತೆ, ಕಾಫಿ ಏಳು ಅನ್ನುತ್ತೆ. ಸಂಜೆ ಕುಡಿದದ್ದೂ ಗಂಟೆಗಟ್ಟಲೆ ಮೈಯಲ್ಲಿರುತ್ತೆ. ಜೋರು ಮಾತ್ರೆ ಕೊಟ್ಟರೆ ಬೆಳಗ್ಗೆ ಮಂಪರು ಇನ್ನೂ ಹೆಚ್ಚು. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಮಾತ್ರೆಗೆ ನೀರು ಸಾಕು. ನಾನು ಹೇಳೋವರೆಗೂ ಕ್ರೇನ್ ಹತ್ತಬೇಡಿ."

ಬಸ್ಸಿನಲ್ಲಿ ಆದಿಲಕ್ಷ್ಮಿ ಕಿಟಕಿಯತ್ತ ಮುಖ ತಿರುಗಿಸಿ ಕೂತಳು. "ದಣಿದು ಬಂದೋರ್ಗೆ ಒಂದ್ ಲೋಟ ಕಾಪಿ ಕೊಟ್ಟಿದ್ದೇ ತಪ್ಪಾಯ್ತಾ?"

"ಕೇಳಿ ಕುಡ್ದೋನು ನಾನಲ್ವೇನೇ?" ಎಂದ ಅವನು, ಸೋತ ದನಿಯಲ್ಲಿ.

ಅವಳ ಕಣ್ಣು ತುಂಬಿತು. ಬಾಯಲ್ಲಿ ಆಡದ ಪ್ರೀತಿಯನ್ನೆಲ್ಲ ಅವಳು ಆ ಲೋಟದಲ್ಲೇ ಕೊಡುತ್ತಿದ್ದಳು.

ಕೋದಂಡಪ್ಪ ಸೂಪರ್‌ವೈಸರನಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಕೆಳಗಿನ ಕೆಲಸ ಕೇಳಿಕೊಂಡ. ಆ ಸಂಜೆ ಮುನಿರಾಜು ಮನೆಗೆ ಬಂದ. ಅಲ್ಲಿಗೆ ಬಂದವರು ಕಾಫಿ ಕುಡಿಯದೆ ಎದ್ದದ್ದೇ ಇಲ್ಲ. ಆದಿಲಕ್ಷ್ಮಿ ಮೂರು ಲೋಟ ರಾಗಿ ಅಂಬಲಿ ತಂದಿಟ್ಟಳು.

"ಏನಕ್ಕಾ, ನಂಗೂ ಕಾಪಿ ಇಲ್ವಾ?"

"ಕಾಪಿ ಗಮ ಬಂದ್ರೆ ಇವ್ರು ಸುಮ್ಕಿರ್ತಾರಾ? ನಿನ್ ತಲೆ ಮೇಲೆ ಕಬ್ಬಿಣ ಆಡ್ಬಾರ್ದು ಅಂದ್ರೆ ಕುಡಿಯಪ್ಪ."

ಮುನಿರಾಜು ತಲೆ ಸವರಿಕೊಂಡು ಲೋಟ ಎತ್ತಿದ. ಆದಿಲಕ್ಷ್ಮಿ ತನ್ನ ಪಾಲಿನ ಅಂಬಲಿ ಹಿಡಿದು ಗಂಡನ ಪಕ್ಕದಲ್ಲಿ ಕೂತಳು. ಅವಳಿಗೂ ಕಾಫಿ ಬೇಕೆನಿಸುತ್ತಿತ್ತು.