ರೋಸಿ ಬಾಯಿಯ ಗಂಜಿ

ಕೊಲ್ಲಿ ನಾಡಿನ ಕರಾಮದ ಆ ಸೂಪರ್ ಮಾರ್ಕೆಟ್ಟಿನಲ್ಲಿ ಸುಶಾಂತನ ಹಣೆಬರಹಕ್ಕೆ ಬಾಸ್ ಆಗಿ ಸಿಕ್ಕಿದ್ದು ತರಕಾರಿ ವಿಭಾಗದ ಮೋಹನದಾಸ್. ಅವನ ರೂಮ್‌ಮೇಟ್ ಫ್ಲಾಯ್ಡ್‌ಗೆ ಸಿಕ್ಕಿದ್ದು ಬೇಕರಿಯ ರೋಸಿ ಬಾಯಿ. ಒಂದೇ ಕಂಪನಿ, ಒಂದೇ ಸಂಬಳ, ಮೇಲೆ ಕೆಳಗೆ ಮಂಚ. ಆದರೂ ಫ್ಲಾಯ್ಡ್ ಸಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋಗುತ್ತಿದ್ದ. ಆ ಸಿಳ್ಳೆ ಕೇಳಿದರೇ ಸುಶಾಂತನ ಹೊಟ್ಟೆಯೊಳಗೆ ಬೆಂಕಿ.

ಹೋದ ತಿಂಗಳು ಸುಶಾಂತನಿಗೆ ಜ್ವರ ಬಂದಾಗ ಮೋಹನದಾಸ್ ಗಿರಾಕಿಗಳ ಎದುರೇ ಅಂದಿದ್ದ: "ಜ್ವರವಾ? ಕೋಲ್ಡ್ ರೂಮಲ್ಲಿ ನಿಂತ್ಕೊ ಮಾರಾಯ, ಇಳೀತದೆ. ಯಲ್ಲಾ, ಬೇಗ ಬೇಗ ಟೊಮೆಟೊ ತಾ!"

ಈಗ ಫ್ಲಾಯ್ಡ್ ಜ್ವರದಲ್ಲಿ ಮಲಗಿದ್ದ. ಮಧ್ಯಾಹ್ನ ಬಾಗಿಲು ತಟ್ಟಿದ್ದು ಯಾರು? ಸಾಕ್ಷಾತ್ ರೋಸಿ ಬಾಯಿ, ಕೈಯಲ್ಲಿ ಬುತ್ತಿ ಹಿಡಿದು!

"ಮಲಗಿದ್ದಾನಾ ಪಾಪ? ಎಬ್ಬಿಸ್ಬೇಡ. ಕುಚ್ಚಲಕ್ಕಿ ಗಂಜಿ ಉಂಟು. ಮತ್ತೆ ಸುಶಾಂತ್, ನೀನು..."

"ಆಯ್ತು, ಕೊಡ್ತೇನೆ," ಎಂದು ಅವನು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದ.

ಬುತ್ತಿ ಬಿಚ್ಚಿದರೆ ಬಿಸಿ ಗಂಜಿ, ಮಾವಿನ ಮಿಡಿ, ಹುರಿದ ಒಣಮೀನು. ಇವನಿಗೆ ಮಾತ್ರ ಯಾಕೆ? ನಾನೇನು ಮನುಷ್ಯನಲ್ಲವಾ? ಸಿಟ್ಟಿನಲ್ಲಿ ಒಂದು ತುತ್ತು ಉಂಡ. ಆಮೇಲೆ ಕೈ ನಿಲ್ಲಲಿಲ್ಲ. ತಳದ ತಿಳಿಯನ್ನೂ ಎತ್ತಿ ಕುಡಿದ.

ಫ್ಲಾಯ್ಡ್ ಎದ್ದದ್ದು ಫೋನ್ ರಿಂಗಾದಾಗ. ಸ್ಪೀಕರಿನಲ್ಲಿ ರೋಸಿ ಬಾಯಿ: "ಗಂಜಿ ಸಾಕಾಯ್ತಾ? ಇಬ್ಬರಿಗೂ ಅಂತ ಕಟ್ಟಿದ್ದೆ. ಆ ಹುಡುಗನಿಗೆ ಜ್ವರ ಬಂದಾಗ ಮೋಹನದಾಸ್ ಹೇಳಿದ್ದು ಕೇಳಿದ್ದೆ ನಾನು. ಬೇಜಾರಾಗಿತ್ತು. ಹೇಳುವ ಅಂದ್ರೆ ಬಾಗಿಲೇ ಹಾಕಿದ!"

ಫ್ಲಾಯ್ಡ್ ಬರಿದಾದ ಬುತ್ತಿಯನ್ನು ನೋಡಿದ. ಸುಶಾಂತನ ಗಲ್ಲಕ್ಕೆ ಅಂಟಿದ್ದ ಅಗುಳನ್ನೂ ನೋಡಿದ.

"ಲಾಯಕ್ಕಿತ್ತು ಬಾಯಿ. ಇಬ್ಬರೂ ಉಂಡೆವು," ಎಂದು ಫೋನ್ ಇಟ್ಟ.

ಬೈದಿದ್ದರೆ ಸುಶಾಂತ್ ತಡೆದುಕೊಳ್ಳುತ್ತಿದ್ದ. ಒಳ್ಳೆಯ ಬಾಸೂ ಇವನಿಗೇ, ದೊಡ್ಡ ಮನಸ್ಸೂ ಇವನಿಗೇನಾ? ದಡಬಡ ಎದ್ದು ಪಾತ್ರೆ ಕುಕ್ಕಿ, ಅಕ್ಕಿ ತೊಳೆದು ಒಲೆಯ ಮೇಲಿಟ್ಟ.

"ಉಪ್ಪು ಎಷ್ಟು? ಬೇಗ ಬೊಗಳು, ಯಲ್ಲಾ!"

ದನಿ ಥೇಟ್ ಮೋಹನದಾಸನದೇ. ಅದು ಅವನ ಕಿವಿಗೂ ಬಿತ್ತು. ಒಲೆಯ ಉರಿ ತಗ್ಗಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೇಳಿದ:

"ಉಪ್ಪು... ಎಷ್ಟು ಹಾಕ್ಲಿ ಮಾರಾಯ?"