ಬಕ್ಕಲ್ ಇಲ್ಲದ ಚಪ್ಪಲಿ

“ಕೈ ತೊಳ್ಕೊಂಡು ಬಂದಿದೀಯಾ?”

ಇದು ನನ್ನ ಸಂದರ್ಶನದ ಮೊದಲ ಪ್ರಶ್ನೆ. ಚಪ್ಪಲಿ ಕಾರ್ಖಾನೆಯ ಡಿಸೈನರ್ ನನ್ನ ಚಿತ್ರಗಳ ಪುಸ್ತಕವನ್ನು ಪೆನ್ನಿನ ತುದಿಯಿಂದ ತಿರುವುತ್ತಿದ್ದ. ಒಳಗಿದ್ದದ್ದು ನಾನು ಬರೆದ ಚಪ್ಪಲಿಗಳು, ಹಾವಲ್ಲ.

“ಹೊಲಿಗೆ ನಿಮ್ಮೋರಿಗೆ ರಕ್ತದಲ್ಲೇ ಬಂದಿರುತ್ತೆ. ಡಿಸೈನ್ ಹಾಗಲ್ಲ, ಅದಕ್ಕೆ ತಲೆ ಬೇಕು,” ಎಂದು ತನ್ನ ಬೋಳು ತಲೆ ಸವರಿಕೊಂಡ. “ಎರಡು ಕೆಲಸ ಖಾಲಿ ಇದೆ. ಮಹಡಿ ಮೇಲೆ ನನ್ನ ಅಸಿಸ್ಟೆಂಟ್. ಕುರ್ಚಿ, ಫ್ಯಾನು ಎಲ್ಲಾ ಇರುತ್ತೆ. ಇಲ್ಲಾಂದ್ರೆ ಕೆಳಗೆ ಕಟಿಂಗ್. ದಿನವಿಡೀ ನಿಂತೇ ಸಾಯ್ಬೇಕು. ನಾಳೆ ಬಂದು ಹೇಳು.”

ಡಿಸೈನರ್ ಆಗಬೇಕೆನ್ನುವುದು ನನ್ನ ಹುಚ್ಚು. ಅಪ್ಪ ಬೀದಿ ಮೂಲೆಯಲ್ಲಿ ಚಪ್ಪಲಿ ರಿಪೇರಿ ಮಾಡುವಾಗ ಪಕ್ಕದಲ್ಲೇ ಕೂತು, ಹರಿದು ಬಂದದ್ದನ್ನೆಲ್ಲ ಬರೆದುಕೊಂಡು, ಅದು ಅಲ್ಲೇ ಯಾಕೆ ಹರಿಯಿತು ಎಂದು ತಲೆ ಕೆಡಿಸಿಕೊಂಡು ಬೆಳೆದವಳು ನಾನು. ಈ ಎರಡರಲ್ಲಿ ಯಾವುದನ್ನು ಹಿಡಿದರೆ ಅಲ್ಲಿಗೆ ಮುಟ್ಟುತ್ತೇನೆ ಎಂದು ಮನೆಯಲ್ಲಿ ಕೇಳಿದೆ.

ಅವ್ವ ಹಿಂದೆ ಮುಂದೆ ನೋಡಲಿಲ್ಲ. “ಕುರ್ಚಿ ಕಣೇ! ನಮ್ಮ ವಂಶದಲ್ಲಿ ಯಾವಳಾದ್ರೂ ಕುರ್ಚಿ ಮೇಲೆ ಕೂತು ಸಂಬಳ ತಗೊಂಡಿದಾಳಾ? ನಿಮ್ಮಪ್ಪನ ಬೆನ್ನು ನೋಡು, ಕುಡುಗೋಲಾಗಿದೆ.”

“ಕೂತು ಏನ್ ಮಾಡ್ಬೇಕಂತೆ?” ಎಂದ ಅಪ್ಪ.

“ಕೂತ್ಕೋಬೇಕು! ಅಷ್ಟೂ ಗೊತ್ತಾಗಲ್ವಾ?”

ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲೇ ಇಲ್ಲ. ಮರುದಿನ ಮಹಡಿ ಹತ್ತಿದೆ.

ಕುರ್ಚಿಯೇನೋ ಇತ್ತು. ಅದರ ಮೇಲೆ ಡಿಸೈನರನ ಕೋಟು ಕೂತಿತ್ತು. ನಾನು ಆರು ಸಲ ಚಹಾ ತಂದೆ, ಪೆನ್ಸಿಲ್ ಚೂಪು ಮಾಡಿದೆ, ಮೇಜು ಒರೆಸಿದೆ. ನನ್ನ ಲೋಟ ಮಾತ್ರ ಕಿಟಕಿಯ ಹೊರಗಿತ್ತು. ಮೂರನೆಯ ದಿನ ಅವನು ಹೊಸ ಚಪ್ಪಲಿಯೊಂದನ್ನು ಬರೆದು ಮುಗಿಸಿ, “ಕೆಳಗೆ ಕೊಟ್ಟು ಬಾ. ನಾಡಿದ್ದು ಖರೀದಿದಾರರು ಬರ್ತಾರೆ. ನನ್ನ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು ಅಂತ ಹೇಳು,” ಎಂದ.

ಕೆಳಗೆ ಇಪ್ಪತ್ತು ವರ್ಷದಿಂದ ಚರ್ಮ ಕತ್ತರಿಸುತ್ತಿದ್ದ ಹೆಂಗಸಿಗೆ ಎಲ್ಲರೂ ಕತ್ರಿ ಅಕ್ಕ ಅನ್ನುತ್ತಿದ್ದರು. ಹಾಳೆ ನೋಡಿದ್ದೇ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಬನ್ರೇ ಇಲ್ಲಿ! ಮುಂಡೇದು ಈ ಸಲಾನೂ ಬಕ್ಕಲ್ ಮರೆತಿದೆ!”

ಹೂವಿತ್ತು, ಬಳ್ಳಿಯಿತ್ತು, ಕಾಲಿಗೆ ದಾರಿಯೇ ಇರಲಿಲ್ಲ. ಪಟ್ಟಿಗಳೆಲ್ಲ ಸುತ್ತಲೂ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಅದನ್ನು ಹಾಕಿಕೊಳ್ಳಬೇಕಾದರೆ ಮನುಷ್ಯ ಚಪ್ಪಲಿಯ ಸಮೇತ ಹುಟ್ಟಬೇಕಿತ್ತು. ಅಕ್ಕ ನಗುತ್ತಲೇ ಪೆನ್ಸಿಲ್ ತೆಗೆದು ತಿದ್ದಲು ಹೊರಟಳು.

“ಯಾವಾಗ್ಲೂ ನೀವೇ ತಿದ್ದೋದಾ?”

“ಮತ್ತಿನ್ಯಾರು, ಅವರಪ್ಪನಾ? ಅವನು ಹೂವು ಬರೀತಾನೆ, ಕಾಲು ಹೋಗೋ ಹಾಗೆ ನಾವು ಮಾಡ್ತೀವಿ. ಹೋದ ವರ್ಷ ಅವನಿಗೆ ಬಹುಮಾನ ಬಂತು. ಚಪ್ಪಾಳೆ ತಟ್ಟೋಕೆ ನಮ್ಮನ್ನೂ ಕರೆದಿದ್ರು.”

ನನಗೆ ಸಿಟ್ಟು ಬಂತು, ಜೊತೆಗೆ ಖುಷಿಯೂ ಆಯಿತು. ಡಿಸೈನ್ ಎನ್ನುವುದು ನಡೆಯುವ ಜಾಗ ಕೊನೆಗೂ ಸಿಕ್ಕಿತ್ತು.

“ಅಕ್ಕಾ, ಈ ಸಲ ತಿದ್ದಬೇಡಿ. ಅವನು ಹೇಳಿದ ಹಾಗೇ, ಕೂದಲೆಳೆಯಷ್ಟೂ ಆಚೀಚೆ ಆಗದೆ ಹೊಲೀರಿ.”

“ಕೆಲಸ ಕಿತ್ಕೊಂಡ್ರೆ?”

“ಹೇಳಿದ್ದನ್ನ ಮಾಡಿದ್ದಕ್ಕಾ?”

ಹಾಳೆಯ ಸುತ್ತ ನೆರೆದಿದ್ದ, ಅಕ್ಕನೂ ಸೇರಿ ಹನ್ನೊಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅಕ್ಕ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಕತ್ತರಿ ಎತ್ತಿಕೊಂಡಳು.

ಖರೀದಿದಾರರು ಮಹಡಿಗೆ ಬಂದರು. ಅವರಲ್ಲೊಬ್ಬ ದಪ್ಪನೆಯ ಹೆಂಗಸು ಹಾಕಿ ನೋಡುತ್ತೇನೆಂದು ಕಾಲು ಚಾಚಿದಳು. ಕಾಲು ಹೋಗಲಿಲ್ಲ. ಡಿಸೈನರ್ ನೆಲಕ್ಕೆ ಮಂಡಿಯೂರಿ, ಆಕೆಯ ಹಿಮ್ಮಡಿ ಹಿಡಿದು ತುರುಕಿದ. ಬೆವರು ಮೂಗಿನ ತುದಿಯಿಂದ ಆಕೆಯ ಪಾದಕ್ಕೆ ತೊಟ್ಟಿಕ್ಕಿತು. ಅಪ್ಪ ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ. ಇವನಿಗೆ ಒಂದು ಸಲಕ್ಕೇ ಉಸಿರು ಬಾಯಿಗೆ ಬಂದಿತ್ತು.

“ಕೆಳಗಿನ ಆ ಕತ್ತೆಗಳನ್ನ ಕರೀರೋ!”

ಹನ್ನೊಂದು ಜನವೂ ಕೆಲಸದ ಕೈಯಲ್ಲೇ ಬಂದು ನಿಂತರು.

“ಬಕ್ಕಲ್ ಎಲ್ಲಿ ಬರೆದಿದೀರಾ, ತೋರ್ಸಿ ಸ್ವಾಮಿ,” ಎಂದಳು ಅಕ್ಕ.

ಹಾಳೆ ಮೇಜಿನ ಮೇಲಿತ್ತು. ನಾನು ಅಕ್ಕನ ಕಿವಿಯಿಂದ ಪೆನ್ಸಿಲ್ ತೆಗೆದು, ಪಟ್ಟಿಯನ್ನು ಎರಡಾಗಿಸಿ, ಬಕ್ಕಲ್ ಕೂರಿಸಿದೆ. ಖರೀದಿಗೆ ಬಂದಿದ್ದ ಆ ಹೆಂಗಸು, “ಈಗ ಹೋಗುತ್ತೆ,” ಎಂದಳು.

“ನಾಳೆಯಿಂದ ಮಹಡಿ ಹತ್ತಿದ್ರೆ ಕಾಲು ಮುರೀತೀನಿ!” ಎಂದು ಡಿಸೈನರ್ ಹಲ್ಲು ಕಡಿದ.

“ಹತ್ತಲ್ಲ. ನಂಗೆ ಕಟಿಂಗ್ ಕೆಲಸಾನೇ ಬೇಕು.” ಅವ್ವನಿಗೆ ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ. ಆದರೂ ಹಾಳೆಯ ಮೇಲಿದ್ದ ಅವನ ಸಹಿಯ ಕೆಳಗೆ ನನ್ನ ಹೆಸರು ಬರೆದು ಪೆನ್ಸಿಲ್ ದಾಟಿಸಿದೆ. ಒಬ್ಬೊಬ್ಬರೇ ಬರೆದರು. ಚಪ್ಪಲಿಗಿಂತ ಹೆಸರುಗಳೇ ದೊಡ್ಡವಾದವು. ಕೊನೆಗುಳಿದ ಅಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ಆಗತಾನೆ ಚರ್ಮಕ್ಕೆ ಅಂಟು ಬಳಿಯುತ್ತಿದ್ದ, ಇನ್ನೂ ಅಂಟಂಟಾಗಿದ್ದ ಅಂಗೈಯನ್ನು ಹಾಳೆಯ ಮೇಲೆ ಅದುಮಿದಳು.

ಡಿಸೈನರ್ ಹಾಳೆ ಕಿತ್ತುಕೊಳ್ಳಲು ಹಿಡಿದೆಳೆದ. ಅದರ ಜೊತೆಗೆ ಅಕ್ಕನೂ ಒಂದು ಹೆಜ್ಜೆ ಮುಂದೆ ಬಂದಳು.

“ಎಳೀರಿ ಸ್ವಾಮಿ,” ಎಂದಳು. “ಎಲ್ಲಿಗೆ ಒಯ್ತೀರೋ ಅಲ್ಲಿಗೆ ನಾನೂ ಬರ್ತೀನಿ.”