ಪಾರಣೆಯ ದ್ರಾಕ್ಷಿ

ನೇಮಿನಾಥ ಒಣದ್ರಾಕ್ಷಿ ಚೀಲದ ಬಾಯಿಗೆ ಹೊಲಿದಿದ್ದ ಪಟ್ಟಿಯನ್ನು ಕತ್ತರಿಸಿ ಮೂಲೆಗೆಸೆದ. ಅದರ ಮೇಲೆ ಅಫಗಾನಿಸ್ತಾನದ ಹೆಸರಿತ್ತು. ಮಾಲು ಯಾವ ದೇಶದ್ದೋ ಆ ದೇಶದ ಹೆಸರು ಡಬ್ಬಿಯ ಮೇಲೂ ಇರಬೇಕೆಂದು ಕಾಯಿದೆ. ಮಗ ವೃಷಭ ಅಂಥ ಚೀಟಿ ಅಚ್ಚು ಹಾಕಿಸಿಯೂ ತಂದಿದ್ದ. ಆದರೆ ಚೀಟಿ ಹಚ್ಚಿದ ಡಬ್ಬಿಗಳನ್ನು ನಿಪ್ಪಾಣಿಯ ಅಂಗಡಿಯವರು ಗಾಡಿಯಿಂದ ಇಳಿಸಿಕೊಳ್ಳಲೇ ಇಲ್ಲ. ಗಿರಾಕಿ ಕೇಳುವುದು ನಿಮ್ಮ ಅಥಣಿಯ ಮಾಲು, ಇದನ್ನು ಯಾರು ಮೂಸುತ್ತಾರೆ ಅಂದರು. ಅಂದಿನಿಂದ ಚೀಟಿಗಳ ಕಟ್ಟು ಬಿಚ್ಚಿರಲಿಲ್ಲ. ಡಬ್ಬಿಯ ಮೇಲೆ ಉಳಿದದ್ದು ಹಳದಿ ರುಮಾಲಿನ ಜಿನ್ನಪ್ಪನವರ ಚಿತ್ರ, ಅದರ ಕೆಳಗೆ ‘ನಮ್ಮ ತೋಟದ ಒಣದ್ರಾಕ್ಷಿ’ ಎಂಬ ಮಾತು. ಜಿನ್ನಪ್ಪ ನೇಮಿನಾಥನ ತಂದೆ. ಹರೆಯವನ್ನೆಲ್ಲ ಆ ತೋಟಕ್ಕೇ ಸುರಿದು ಹೋದ ಮನುಷ್ಯ.

ನೇಮಿನಾಥನೇನೂ ಇಂಥ ಕೆಲಸಕ್ಕೆ ಹುಟ್ಟಿದವನಲ್ಲ. ಈ ವರ್ಷದ ಬೇಸಿಗೆಯಲ್ಲಿ ಹೊತ್ತಲ್ಲದ ಹೊತ್ತಿಗೆ ಮಳೆ ಬಂದು, ಶೆಡ್ಡಿನ ಬಲೆಗಳ ಮೇಲೆ ಒಣಗಲು ಹರವಿದ್ದ ದ್ರಾಕ್ಷಿಯೆಲ್ಲ ಕಪ್ಪಾಗಿ, ಬೂಷ್ಟು ಹಿಡಿದು ತಿಪ್ಪೆ ಸೇರಿತು. ಒಂದು ವರ್ಷ ಡಬ್ಬಿ ಹೋಗದಿದ್ದರೆ ಅಂಗಡಿಯವರು ತಂದೆಯ ಹೆಸರನ್ನೇ ಮರೆತುಬಿಡುತ್ತಾರೆಂದು ಹೆದರಿ ಹೊರಗಿನ ಮಾಲು ತರಿಸಿದ. ಮಳೆ ಬಂದ ಆ ಸಂಜೆ ಹೆಂಡತಿ ಕಾಶಿಬಾಯಿ ಹೊಸ್ತಿಲಲ್ಲೇ ಕಾದು ನಿಂತಿದ್ದಳು. ಅವಳ ಮುಖ ನೋಡಿ ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅರ್ಧ ಉಳಿದಿದೆ ಅಂದುಬಿಟ್ಟ. ಅವಳು ಅಲ್ಲೇ ನಿಂತು ಪಾರ್ಶ್ವನಾಥನಿಗೆ ಕೈ ಮುಗಿದಳು.

ಆ ಉಳಿದ ಅರ್ಧಕ್ಕಾಗಿಯೇ ಈ ಸಲ ದಶಲಕ್ಷಣ ಪರ್ವದ ಹತ್ತೂ ದಿನ ಅವಳು ಬರೀ ಕಾಯಿಸಿದ ನೀರು ಕುಡಿದು ಉಪವಾಸವಿದ್ದಳು. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ನಾಳೆ ಪಾರಣೆ, ಉಪವಾಸ ಬಿಡುವ ದಿನ. ಇನ್ನೊಂದು ಮಾತನ್ನು ಅವಳು ಮೊನ್ನೆಯಷ್ಟೇ ಗೋಡೆಗೊರಗಿ ಕೂತು ಹೇಳಿದ್ದಳು.

“ನೇಮ ಹಿಡದೇನ್ರಿ. ನಮ್ಮ ತ್ವಾಟದ ಮಣೂಕದಿಂದನ ಪಾರಣಿ ಮಾಡ್ತೇನು. ಅದಾಗೂತನಕಾ ಬ್ಯಾರೇದ್ದ ಬಾಯಾಗ ಹಾಕ್ಕೊಳ್ಳಾಂಗಿಲ್ಲ.”

ಅಂದಿನಿಂದ ಸ್ವಂತ ತೋಟದ ಹಳೆಯ ಒಣದ್ರಾಕ್ಷಿಗಾಗಿ ನೇಮಿನಾಥ ಹುಡುಕದ ಜಾಗವಿರಲಿಲ್ಲ. ಶೆಡ್ಡಿನ ಮೂಲೆಮೂಲೆಗೆ ಕೈಯಾಡಿಸಿದ. ಜುಗೂಳದಲ್ಲಿದ್ದ ಅಕ್ಕನ ಮನೆಗೂ ಹೋಗಿ ಬಂದ. ಹಿಂದೆ ಕೊಟ್ಟಿದ್ದ ಡಬ್ಬಿಯಲ್ಲಿ ಅಕ್ಕ ಈಗ ಜೀರಿಗೆ ತುಂಬಿಟ್ಟಿದ್ದಳು. ಹಿಡಿ ದ್ರಾಕ್ಷಿಗಾಗಿ ತಮ್ಮ ಅಷ್ಟು ದೂರ ಬಂದದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅವನು ಹೇಳಲೂ ಇಲ್ಲ.

ಕತ್ತರಿ ಕೆಳಗಿಟ್ಟು, ಇವತ್ತೇ ಅವಳಿಗೆ ಎಲ್ಲ ಹೇಳಿಬಿಡುತ್ತೇನೆ ಅಂದಾಗ ವೃಷಭ ತಡೆದ.

“ಹೇಳಬ್ಯಾಡಪಾ. ಹೇಳಿದಿ ಅಂದ್ರ ಅವ್ವ ಪಾರಣಿನ ಮಾಡಾಂಗಿಲ್ಲ. ಜೀವಾ ಬಿಡ್ತಾಳ, ನೇಮ ಬಿಡಾಂಗಿಲ್ಲ.”

“ಅಕೀ ನೇಮ ಮುರೀತೈತಲ್ಲೋ.”

“ಗೊತ್ತಾದ್ರ ಮುರೀತೈತಿ.”

ನೇಮಿನಾಥ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡ. ಮುಂದಿನ ಚೀಲವನ್ನು ಎಳೆದುಕೊಂಡ.

ಮರುದಿನ ಬೆಳಿಗ್ಗೆ ಬಸದಿಯ ಪಡಸಾಲೆಯಲ್ಲಿ ಉಪವಾಸವಿದ್ದ ಹೆಂಗಸರು ಸಾಲಾಗಿ ಕೂತಿದ್ದರು. ಮನೆಯಿಂದ ತಂದ ಡಬ್ಬಿಯನ್ನು ಪಕ್ಕಕ್ಕಿಟ್ಟು, ದ್ರಾಕ್ಷಿ ನೆನೆಸಿದ ನೀರಿನ ಬಟ್ಟಲು ಹಿಡಿದು ನೇಮಿನಾಥ ಹೆಂಡತಿಯ ಮುಂದೆ ಕೂತ. ಮೊದಲ ಗುಟುಕು ಗಂಡನೇ ಕುಡಿಸಬೇಕು, ಅದಕ್ಕೂ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ಅದು ಅವರ ಮನೆತನದ ರೂಢಿ.

ಕಾಶಿಬಾಯಿ ಒಡೆದ ತುಟಿಗಳನ್ನು ಒದ್ದೆ ಮಾಡಿಕೊಂಡು ಕೈ ಜೋಡಿಸಿದಳು. “ಗೊತ್ತಿದ್ದೋ ಗೊತ್ತಿಲ್ದನೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ.”

ಇದೇ ಹೊತ್ತು, ಹೇಳಿದರೆ ಈಗಲೇ ಎಂದುಕೊಂಡ ಅವನು. ಅವಳ ಜೋಡಿಸಿದ ಕೈಗಳು ಎತ್ತಿ ಹಿಡಿಯಲಾಗದೆ ಮಡಿಲಿಗೆ ಜಾರುತ್ತಿದ್ದವು.

“ನನಗೂ ಕ್ಷಮಾ ಮಾಡು,” ಅಂದ.

“ನೀವೇನ ಮಾಡೀರಿ,” ಎಂದು ಅವಳು ನಕ್ಕಳು. ಆಮೇಲೆ ಬಟ್ಟಲಿಗೆ ಬಗ್ಗಿ ನೋಡಿ, “ನಮ್ಮ ತ್ವಾಟದ್ದ ಹೌದಲ್ರಿ?” ಅಂದಳು.

“ಹೌದು.”

ಅವಳು ಬಾಯಿ ತೆರೆದಳು. ಅವನು ಒಂದು ಚಮಚ ನೀರು ಹಾಕಿದ, ಇನ್ನೊಂದರಲ್ಲಿ ನೆನೆದ ದ್ರಾಕ್ಷಿಯನ್ನೂ ಹಾಕಿದ. ಕಾಶಿಬಾಯಿ ಕಣ್ಣು ಮುಚ್ಚಿ ದ್ರಾಕ್ಷಿಯನ್ನು ಬಾಯಲ್ಲೇ ಇಟ್ಟುಕೊಂಡು ಕೂತಳು. ಮುಚ್ಚಿದ ಕಣ್ಣಿಂದ ನೀರಿಳಿಯಿತು. ಇನ್ನು ಈ ಜನ್ಮದಲ್ಲಿ ಅವಳಿಗೆ ನಿಜ ಹೇಳಲಾಗದು ಎಂದು ನೇಮಿನಾಥನಿಗೆ ಆಗ ತಿಳಿಯಿತು.

“ಮಾವನೋರ ಹಚ್ಚಿದ ಬಳ್ಳಿ,” ಅಂದಳು ಅವಳು. “ರುಚಿ ಹಂಗ ಐತಿ ನೋಡ್ರಿ.”

ಪಕ್ಕದ ಮುದುಕಿ ಅಕ್ಕುತಾಯಿ ಅದನ್ನು ಕೇಳಿ ತನಗೂ ಒಂದು ಕಾಳು ಬೇಕೆಂದು ಕೈ ಚಾಚಿದಳು. ದೇವರು ಉಳಿಸಿಕೊಟ್ಟ ಫಲ, ಎಲ್ಲರಿಗೂ ಹಂಚಿರೆಂದು ಕಾಶಿಬಾಯಿಯೇ ಡಬ್ಬಿಯನ್ನು ಗಂಡನ ಕೈಗಿಟ್ಟಳು. ಸಾಲಿನುದ್ದಕ್ಕೂ ಅಂಗೈಗಳು ಒಂದೊಂದಾಗಿ ತೆರೆದುಕೊಂಡವು. ನೇಮಿನಾಥ ಎದ್ದ. ಹೆಬ್ಬೆರಳು ಡಬ್ಬಿಯ ಮೇಲೆ ಹಳದಿ ರುಮಾಲಿನ ಕೆಳಗೆ, ಸರಿಯಾಗಿ ತಂದೆಯ ಮುಖದ ಮೇಲೆ ಬಿದ್ದಿತ್ತು. ಅದನ್ನು ಅಲ್ಲಿಯೇ ಇಟ್ಟುಕೊಂಡು ಅವನು ಮೊದಲ ಅಂಗೈಗೆ ಬಾಗಿದ.